ಎಂಟಕ್ಕೆ ದುಡ್ಡು, ನಾಲ್ಕಕ್ಕೆ ನೆಟ್ಟು

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಮನೆಯ ನೆಟ್ ನಿಧಾನವಾದರೆ ಆರೋಪಿಯನ್ನು ಹುಡುಕುವ ಕಷ್ಟವಿಲ್ಲ. ಪಟ್ಟಿ ಮೊದಲೇ ಸಿದ್ಧ. ಮಳೆಗಾಲದಲ್ಲಿ ಮಳೆ. ಬೇಸಿಗೆಯಲ್ಲಿ ಹೆದ್ದಾರಿಯ ಜೆಸಿಬಿ. ಎರಡೂ ಇಲ್ಲದ ದಿನ ಕರೆಂಟಿನ ಹೆಸ್ಕಾಂ. ಮೂವರೂ ಕೈಗೆ ಸಿಗದಿದ್ದರೆ ಸಮುದ್ರದಡಿಯ ಕೇಬಲ್.

ಆಯ್ಕೆ ಚೆನ್ನಾಗಿದೆ. ಮಳೆಗೆ ನೋಟಿಸ್ ಕೊಡಲು ಬರುವುದಿಲ್ಲ. ಜೆಸಿಬಿ ಚಾಲಕ ನಾಳೆ ಬೇರೆ ಊರಲ್ಲಿರುತ್ತಾನೆ. ಸಮುದ್ರಕ್ಕೆ ಗ್ರಾಹಕ ಸೇವಾ ಕೇಂದ್ರವಿಲ್ಲ. ತಿರುಗಿ ಉತ್ತರ ಕೊಡಲಾಗದವರ ತಲೆಗೆ ಆರೋಪ ಕಟ್ಟುವುದು ನಮ್ಮಲ್ಲಿ ಹಳೆಯ ಕಲೆ.

ಮಳೆಯಿಂದಲೇ ಶುರು ಮಾಡೋಣ. ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಕರಾವಳಿ ಇದು. ತಾಮ್ರದ ತಂತಿಯ ಕಾಲದಲ್ಲಿ ಈ ದೂರಿಗೆ ಅರ್ಥವಿತ್ತು. ಜಾಯಿಂಟಿಗೆ ನೀರು ಇಳಿದರೆ ಲ್ಯಾಂಡ್‌ಲೈನಿನಲ್ಲಿ ಕರಕರ ಸದ್ದು. ಅದೇ ತಂತಿಯ ಮೇಲೆ ಬರುತ್ತಿದ್ದ ಬ್ರಾಡ್‌ಬ್ಯಾಂಡೂ ಸೊರಗುತ್ತಿತ್ತು. ಈಗ ಮನೆಗೆ ಬಂದಿರುವುದು ಗಾಜಿನ ಎಳೆ. ಅದರೊಳಗೆ ಓಡುವುದು ಬೆಳಕು. ಬೆಳಕಿಗೆ ನೆಗಡಿಯಾಗುವುದಿಲ್ಲ.

ತಾಮ್ರ ಹೋಯಿತು. ನೆಪ ಮಾತ್ರ ಪಿತ್ರಾರ್ಜಿತವಾಗಿ ಉಳಿಯಿತು.

ಇನ್ನು ಜೆಸಿಬಿ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಶುರುವಾಗಿ ಒಂದು ದಶಕ ಮುಗಿದಿದೆ. ಈ ಅವಧಿಯಲ್ಲಿ ಹುಟ್ಟಿದ ಮಕ್ಕಳು ಮಾಧ್ಯಮಿಕ ಶಾಲೆಗೆ ಬಂದರು. ಜೆಸಿಬಿ ನೆಲ ಅಗೆಯುತ್ತದೆ, ಕೇಬಲ್ ಕಡಿಯುತ್ತದೆ, ನಿಜ. ಆದರೆ ಕಡಿದರೆ ನೆಟ್ ನಿಲ್ಲುತ್ತದೆ. ಮೋಡೆಮ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಗುತ್ತದೆ. ಅದು ಸಾವು. ನಿಧಾನ ಎನ್ನುವುದು ಬೇರೆ ಕಾಯಿಲೆ. ಹೆಸ್ಕಾಂ ವಿಷಯವೂ ಅಷ್ಟೇ. ಕರೆಂಟ್ ಹೋದರೆ ಪೆಟ್ಟಿಗೆ ಆರುತ್ತದೆ. ಕರೆಂಟ್ ಇದ್ದೂ ಸಿನಿಮಾ ತೆವಳುತ್ತಿದ್ದರೆ ಹೆಸ್ಕಾಮನ್ನು ಬಿಟ್ಟುಬಿಡಿ. ಅದಕ್ಕೆ ತನ್ನದೇ ಪಾಪಗಳ ಹೊರೆ ಸಾಕಷ್ಟಿದೆ.

ಗಾಜಿನ ಎಳೆಯೂ ಒಮ್ಮೊಮ್ಮೆ ಪೂರ್ತಿ ಸಾಯದೆ ನರಳುವುದುಂಟು. ಮೊಳೆಗೆ ಮಡಚಿ ಕಟ್ಟಿದರೆ, ಕನೆಕ್ಟರಿಗೆ ಕೊಳೆ ಹಿಡಿದರೆ ಬೆಳಕು ಸೋರಿಹೋಗುತ್ತದೆ. ಅದನ್ನು ಅಳೆಯಲು ನೆಟ್ಟಿನವರ ಚೀಲದಲ್ಲಿ ಒಂದು ಮೀಟರ್ ಇರುತ್ತದೆ. ಅಳತೆ ಮೈನಸ್ 20ರ ಆಸುಪಾಸಿನಲ್ಲಿದ್ದರೆ ಆರೋಗ್ಯ, ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಅನಾರೋಗ್ಯ. ಅರ್ಧ ನಿಮಿಷದ ಕೆಲಸ. ಆ ಮೀಟರ್ ಚೀಲದಿಂದ ಹೊರಗೆ ಬಂದದ್ದನ್ನು ನೋಡಿದ ಪುಣ್ಯವಂತರು ಕಡಿಮೆ.

ಕೊನೆಯ ಆರೋಪಿ ಸಮುದ್ರ. 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಹತ್ತಿರ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದಾಗ ಭಾರತದ ಸಂಪರ್ಕಕ್ಕೂ ಪೆಟ್ಟು ಬಿತ್ತು, ಸುಳ್ಳಲ್ಲ. ಅಂದಿನಿಂದ ಗ್ರಾಹಕ ಸೇವೆಯ ಹುಡುಗಿಗೆ ಒಂದು ಹೊಸ ವಾಕ್ಯ ಸಿಕ್ಕಿತು. ಕಾಸರಕೋಡಿನ ಮನೆಯಲ್ಲಿ ವಿಡಿಯೋ ನಿಂತರೂ ಕೆಂಪು ಸಮುದ್ರವೇ. ಮನೆಯ ಎದುರಿಗೆ ಅರಬ್ಬೀ ಸಮುದ್ರ ಬಿದ್ದುಕೊಂಡಿದೆ. ಆದರೆ ಕರ್ನಾಟಕದ 300 ಚಿಲ್ಲರೆ ಕಿಲೋಮೀಟರ್ ಕರಾವಳಿಯಲ್ಲಿ ಒಂದೇ ಒಂದು ಸಮುದ್ರ ಕೇಬಲ್ಲೂ ದಡ ಹತ್ತಿಲ್ಲ. ಅವು ಮುಂಬೈಯಲ್ಲಿ, ಕೊಚ್ಚಿಯಲ್ಲಿ, ಚೆನ್ನೈಯಲ್ಲಿ ಇಳಿಯುತ್ತವೆ. ನಮಗೆ ಸಮುದ್ರದಿಂದ ಸಿಗುವುದು ಉಪ್ಪುಗಾಳಿ ಮತ್ತು ನೆಪ.

ನಾಲ್ವರೂ ಬಹುತೇಕ ನಿರ್ದೋಷಿಗಳು. ಹಾಗಾದರೆ ಕಳ್ಳ ಎಲ್ಲಿ? ಮನೆಯೊಳಗೆ. ಪೆಟ್ಟಿಗೆಯಿಂದ ಒಳಕೋಣೆಯ ಕಂಪ್ಯೂಟರಿಗೆ ಹೋಗುವ ಆ ಬೂದು ಬಣ್ಣದ ಕೇಬಲ್ಲಿನಲ್ಲಿ. ಅದನ್ನು ಮಾತ್ರ ಯಾರೂ ಮುಟ್ಟಿ ನೋಡುವುದಿಲ್ಲ. ಯಾಕೆಂದರೆ ಅದನ್ನು ಎಳೆದವನಿಗೆ ಹೆಸರಿದೆ, ಮೊಬೈಲ್ ನಂಬರಿದೆ.

ಕೇಬಲ್ ಯಾಕೆ ಬೇಕಾಯಿತು ಎಂಬುದೂ ಈ ನೆಲದ್ದೇ ಕಥೆ. ಚಿರೇಕಲ್ಲಿನ ಗೋಡೆ. ಒಂದಡಿ ದಪ್ಪ. ವೈಫೈ ಜಗಲಿಯಿಂದ ಹೊರಟು ನಡುಮನೆಗೆ ಬರುವಾಗ ಅರ್ಧ ಸತ್ತಿರುತ್ತದೆ, ಅಡುಗೆಮನೆಗೆ ಹೆಣ ತಲುಪುತ್ತದೆ. ಹಾಗಾಗಿ ಬುದ್ಧಿವಂತರು ತಂತಿ ಎಳೆಸಿದರು. ಸರಿಯಾದ ನಿರ್ಧಾರ. ತಂತಿಯಷ್ಟು ನಂಬಿಕಸ್ಥ ವೈಫೈ ಇನ್ನೂ ಹುಟ್ಟಿಲ್ಲ. ಆದರೆ ತಂತಿ ಎಳೆದವನೂ ನಂಬಿಕಸ್ಥನಾಗಿರಬೇಕು ಎಂಬುದನ್ನು ಮರೆತರು.

ನೆಟ್ ನಿಧಾನ ಅಂತ ದೂರು ಕೊಟ್ಟ ಮೇಲೆ ನಡೆಯುವ ಪ್ರಹಸನ ಮೂರೂ ತಾಲೂಕಿನಲ್ಲಿ ಒಂದೇ. ಹುಡುಗ ಬೈಕಿನಲ್ಲಿ ಬರುತ್ತಾನೆ. ಮೊಬೈಲ್ ತೆಗೆಯುತ್ತಾನೆ. ಪೆಟ್ಟಿಗೆಯ ಬುಡದಲ್ಲಿ ನಿಲ್ಲುತ್ತಾನೆ. ಸ್ಪೀಡ್ ಟೆಸ್ಟ್ ಒತ್ತುತ್ತಾನೆ.

“ನೋಡಿ ಸರ್, 280 ಬರ್ತಾ ಅದೆ.”

“ಮಾರಾಯ, ಅದು ನಿನ್ನ ಮೊಬೈಲಿಗೆ. ಒಳಗಿನ ಕಂಪ್ಯೂಟರಿಗೆ 94 ಬರ್ತದೆ.”

“ಹಂಗಾರೆ ಕಂಪ್ಯೂಟರಿಂದೇ ಪ್ರಾಬ್ಲಮ್. ನಮ್ ಲೈನ್ ಸರಿ ಅದೆ.”

ಕಂಪ್ಯೂಟರನ್ನು ಹೊತ್ತುಕೊಂಡು ಅಂಗಡಿಗೆ ಹೋದರೆ ಅವನು ಪ್ಲಗ್ ಹಾಕಿ, ಕೀಲಿ ಒತ್ತಿ, “ಇದಕ್ಕೆ ಎಂತ ಆಗಲಿಲ್ಲ, ಲೈನಿಂದೇ ಪ್ರಾಬ್ಲಮ್” ಅನ್ನುತ್ತಾನೆ. ಇನ್ನೂರು ರೂಪಾಯಿ. ತಂತಿ ಎಳೆದ ಎಲೆಕ್ಟ್ರಿಷಿಯನ್ನನ್ನು ಕೇಳಿದರೆ, “ನಾನು ಎಳದು ಕೊಟ್ಟದ್ದು ಅಷ್ಟೇ, ತುದಿಗೆ ಪಿನ್ನು ಕ್ರಿಂಪ್ ಮಾಡಿದ್ದು ನೆಟ್ಟಿನವ್ರು.” ನೆಟ್ಟಿನವರು ಮತ್ತೆ ಬಂದು ಪೆಟ್ಟಿಗೆಯ ಬುಡದಲ್ಲೇ ನಿಲ್ಲುತ್ತಾರೆ. ಆ ಸ್ಪೀಡ್ ಟೆಸ್ಟ್ ತಾನಾಗಿ ಆಯ್ದುಕೊಳ್ಳುವ ಸರ್ವರ್ ಎಷ್ಟೋ ಸಲ ಅದೇ ಕಂಪನಿಯ ಜಾಲದೊಳಗಿನದ್ದು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಆದರೂ ಆ ಹುಡುಗನ, ಅಂಗಡಿಯವನ, ಎಲೆಕ್ಟ್ರಿಷಿಯನ್ನನ ಕಣ್ಣು ತಪ್ಪಿಹೋದ ಒಂದು ಸುಳಿವಿದೆ. 94.

ಸ್ಪೀಡ್ ಟೆಸ್ಟಿನಲ್ಲಿ 94 ಅಥವಾ 95 ಬಂದು, ಎಷ್ಟು ಸಲ ಒತ್ತಿದರೂ ಅಲ್ಲೇ ನಿಂತರೆ ತನಿಖೆ ಮುಗಿಯಿತು. ಮಳೆ ಬಂದರೆ 94 ಬರುವುದಿಲ್ಲ. ಸಮುದ್ರದ ಕೇಬಲ್ ಕಡಿದರೆ 94 ಬರುವುದಿಲ್ಲ. ನೂರರ ದಾರಿಯಲ್ಲಿ ವಿಳಾಸ, ಲೆಕ್ಕಪತ್ರಗಳ ಖರ್ಚು ಕಳೆದರೆ ಉಳಿಯುವುದು ಸುಮಾರು 94. ಅಂದರೆ ಎಲ್ಲೋ ಒಂದು ಕಡೆ ದಾರಿ 1000ದಿಂದ 100ಕ್ಕೆ ಕುಗ್ಗಿದೆ. ನೀವು 150ರ ಪ್ಲಾನ್ ತೆಗೆದುಕೊಳ್ಳಿ, 300ರದ್ದು ತೆಗೆದುಕೊಳ್ಳಿ, 500ರದ್ದು ತೆಗೆದುಕೊಳ್ಳಿ. ಬರುವುದು 94.

ಕುಗ್ಗಿದ್ದು ಹೇಗೆ? ಆ ಬೂದು ಕೇಬಲ್ಲಿನ ಒಳಗೆ ಎಂಟು ತಂತಿಗಳಿವೆ. ಎರಡೆರಡು ಹೆಣೆದ ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. ಸೆಕೆಂಡಿಗೆ 100 ಮೆಗಾಬಿಟ್ ಓಡಿಸಲು ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಸಾವಿರಕ್ಕೆ ಎಂಟೂ ಬೇಕು. ನೀಲಿ, ಕಂದಿನಲ್ಲಿ ಒಂದು ಕೈಕೊಟ್ಟರೂ ಎರಡು ತುದಿಯ ಯಂತ್ರಗಳು ತಮ್ಮಲ್ಲೇ ಮಾತಾಡಿಕೊಂಡು ನೂರಕ್ಕೆ ಇಳಿದುಬಿಡುತ್ತವೆ. ಗಲಾಟೆಯಿಲ್ಲ. ಕೆಂಪು ದೀಪವಿಲ್ಲ. ಮನೆಯ ಯಜಮಾನನಿಗೆ ಹೇಳುವವರಿಲ್ಲ.

ನಮ್ಮ ಕಡೆ ಕೈಕೊಡುವ ಪ್ರಮೇಯವೇ ಇಲ್ಲ. ನಾಲ್ಕನ್ನು ಮೊದಲೇ ಕತ್ತರಿಸಿ ಬಿಸಾಡಿರುತ್ತಾರೆ.

ಕೇಳಿದರೆ, “ನಾಕೇ ಸಾಕು ಸರ್.” ಕೇಬಲ್ ಟಿವಿಯ ಕಾಲದಿಂದ ಬಂದ ಗುರುಪರಂಪರೆ. ಅಂದು ಎಲ್ಲರ ಮನೆಗೆ ಬರುತ್ತಿದ್ದದ್ದು 2, ಹೆಚ್ಚೆಂದರೆ 10. ನಾಲ್ಕು ಸಾಕಾಗುತ್ತಿತ್ತು. ಪ್ಲಾನ್ 300 ಆಯಿತು, ಬೆರಳು ಬದಲಾಗಲಿಲ್ಲ. ಇನ್ನು ಕೆಲವರು ಮಹಾ ಜಾಣರು. ಉಳಿದ ನಾಲ್ಕು ತಂತಿಯಲ್ಲಿ ಮಾಳಿಗೆಯ ಬಾಡಿಗೆದಾರನಿಗೆ ಇನ್ನೊಂದು ಕನೆಕ್ಷನ್ ಕೊಟ್ಟಿರುತ್ತಾರೆ. ಒಂದೇ ಕೇಬಲ್, ಎರಡು ಮನೆ, ಎರಡು ಬಿಲ್ಲು.

ಬೇಂದ್ರೆಯವರ ‘ನಾಕುತಂತಿ’ಗೆ 1973ರಲ್ಲಿ ಜ್ಞಾನಪೀಠ ಬಂತು. ಇವರ ನಾಕು ತಂತಿಗೆ ಇನ್‌ಸ್ಟಾಲೇಶನ್ ಚಾರ್ಜು.

ಎಂಟು ಬಂಗಡೆಗೆ ದುಡ್ಡು ಕೊಟ್ಟು ನಾಲ್ಕು ಹಿಡಿದುಕೊಂಡು ಮನೆಗೆ ಬರುವ ಗಂಡಸು ಈ ಮೂರು ತಾಲೂಕಿನಲ್ಲಿ ಹುಟ್ಟಿಲ್ಲ. ಒಂದು ಕಡಿಮೆ ಬಿದ್ದರೂ ಮೀನು ಪೇಟೆ ಕೇಳುವ ಹಾಗೆ ಜಗಳ ತೆಗೆಯುತ್ತಾನೆ. ಅದೇ ಗಂಡಸು 300ರ ಬಿಲ್ಲು ಕಟ್ಟಿ 94 ತೆಗೆದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದಾನೆ. ಬಿಲ್ಲಿನ ಮೇಲೆ ಶೇಕಡಾ 18 ಜಿಎಸ್‌ಟಿಯನ್ನೂ ಕೊಡುತ್ತಾನೆ. ತೆರಿಗೆ 94ಕ್ಕಲ್ಲ, ಪೂರ್ತಿ 300ಕ್ಕೆ.

ಎಂಟೂ ತಂತಿ ಕೂಡಿಸಿದ್ದರೂ ಖುಷಿಪಡಬೇಡಿ. ತಂತಿ ಯಾವುದರದ್ದು? ಹೊರಮೈ ಮೇಲೆ ‘ಕ್ಯಾಟ್ 6’ ಎಂದು ಮುದ್ರೆ ಇರುತ್ತದೆ. ಮುದ್ರೆ ಹೊಡೆಯಲು ಮಸಿ ಸಾಕು. ಬ್ಲೇಡಿನಿಂದ ಒಂದು ತಂತಿಯನ್ನು ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅಗ್ಗ, ಹಗುರ, ಎರಡು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಅಸಲಿ ತಾಮ್ರದ ಕ್ಯಾಟ್ 5ಇ ಕೇಬಲ್ಲೇ 100 ಮೀಟರ್ ದೂರಕ್ಕೆ ಸಾವಿರವನ್ನು ಹೊತ್ತೊಯ್ಯುತ್ತದೆ. ನಕಲಿ 6ಕ್ಕಿಂತ ಅಸಲಿ 5 ಮೇಲು. ಇದನ್ನು ಅಂಗಡಿಯವನು ಹೇಳುವುದಿಲ್ಲ. ಅವನ ಕಪಾಟಿನಲ್ಲಿ ಇರುವುದು ನಕಲಿ 6.

ಇದಕ್ಕೆ ಕಡಲ ತೀರದ ಕೊಡುಗೆ ಬೇರೆ. ಕ್ರಿಂಪ್ ಮಾಡಿದ ತುದಿಯನ್ನು ಕಿಟಕಿಯ ಹೊರಗೆ ಬಿಟ್ಟರೆ ಎರಡೇ ಮಳೆಗಾಲಕ್ಕೆ ಪಿನ್ನು ಹಸಿರುಗಟ್ಟುತ್ತದೆ. ಹೆಂಚಿನ ಮೇಲೆ ಎಳೆದರೆ ಮಂಗಗಳಿವೆ. ಮಂಗನಿಗೆ ಕ್ಯಾಟ್ 5, ಕ್ಯಾಟ್ 6 ಭೇದವಿಲ್ಲ.

ಕುಮಟಾ, ಹೊನ್ನಾವರದ ತೋಟದ ಮನೆಗಳಲ್ಲಿ ಇನ್ನೊಂದು ಪವಾಡ ನಡೆದಿದೆ. ಅಣ್ಣ ತಮ್ಮಂದಿರು ಆಸ್ತಿ ಪಾಲಿಗೆ ಕೋರ್ಟು ಮೆಟ್ಟಿಲು ಹತ್ತಿದ್ದಾರೆ. ಬೇಲಿಯ ಸಲುವಾಗಿ ಮಾತು ಬಿಟ್ಟಿದ್ದಾರೆ. ನೆಟ್ ಮಾತ್ರ ಒಂದೇ. ಅಣ್ಣನ ಮನೆಯ ಪೆಟ್ಟಿಗೆಯಿಂದ ಹೊರಟ ಕೇಬಲ್ ಅಡಕೆ ಮರಗಳನ್ನು ಹಿಡಿದು, ಹಳ್ಳ ದಾಟಿ, 150 ಮೀಟರ್ ಆಚೆ ತಮ್ಮನ ಮನೆ ಸೇರುತ್ತದೆ. ಈ ಕೇಬಲ್ಲಿನ ನಿಯಮ 100 ಮೀಟರ್. ಸಿಡಿಲಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕೆ? ತಮ್ಮನಿಗೆ ನೆಟ್ ನಿಧಾನವಾದರೆ ಅಣ್ಣ ಬೇಕೆಂದೇ ಕಡಿಮೆ ಮಾಡಿದ್ದಾನೆ ಎಂಬ ಗುಮಾನಿ. ನ್ಯಾಯಾಲಯದಲ್ಲಿ ಅದೂ ಒಂದು ದಾವೆಯಾಗಿ ಬರುವ ದಿನ ದೂರವಿಲ್ಲ.

ಭಟ್ಕಳದ ಹೊಸ ಮನೆಗಳನ್ನು ನೋಡಿ. ಕೊಲ್ಲಿ ದೇಶದ ದುಡಿಮೆ. ನೆಲಕ್ಕೆ ಇಟಲಿಯ ಕಲ್ಲು. ಗೇಟಿಗೆ ರಿಮೋಟು. ಪ್ರತಿ ಕೋಣೆಗೆ ಏಸಿ, ಏಸಿಗೆ ಬೇರೆ ಪಾಯಿಂಟು. ಬಾತ್‌ರೂಮಿನ ಕನ್ನಡಿಗೂ ಒಂದು ವಿದ್ಯುತ್ ದೀಪ. ನೆಟ್‌ವರ್ಕ್ ಪಾಯಿಂಟ್ ಎಷ್ಟು? ಸೊನ್ನೆ. ಗೃಹಪ್ರವೇಶದ ಮರುದಿನ ಇಟಲಿಯ ಕಲ್ಲಿನ ಮೇಲೆ ಸೆಲ್ಲೋ ಟೇಪು ಅಂಟಿಸಿ ಬೂದು ಕೇಬಲ್ ಓಡುತ್ತದೆ. ಬಾಗಿಲ ಸಂದಿಯಲ್ಲಿ ದಿನಕ್ಕೆ ಐವತ್ತು ಸಲ ಜಜ್ಜಿಸಿಕೊಳ್ಳುತ್ತದೆ. ಯುಎಇಯ ಕಾನೂನು ವಾಟ್ಸಾಪ್ ಕರೆಗೆ ಅಡ್ಡ ಬಂತು. ಬೋಟಿಮ್ ಆ್ಯಪ್ ಹಾಕಿಕೊಂಡು ದಾಟಿದ್ದಾಯಿತು. ಸ್ವಂತ ಮನೆಯ ಬಾಗಿಲ ಸಂದಿಯನ್ನು ದಾಟಲಾಗಲಿಲ್ಲ. ದುಬೈಯ ಮಗನ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಅಮ್ಮ ಕೆಂಪು ಸಮುದ್ರಕ್ಕೆ ಶಾಪ ಹಾಕುತ್ತಾಳೆ.

ಇಷ್ಟೆಲ್ಲ ಆದ ಮೇಲೂ ಕಂಪನಿಯ ಬಳಿ ಒಂದು ರಾಮಬಾಣವಿದೆ. ಪ್ಲಾನ್ ಅಪ್‌ಗ್ರೇಡ್.

ನೆಟ್ ನಿಧಾನವೇ? 100ರಿಂದ 200ಕ್ಕೆ ಏರಿ. ಇನ್ನೂ ನಿಧಾನವೇ? 300ಕ್ಕೆ ಏರಿ. ನಾಲ್ಕು ತಂತಿಯ ಬಾಯಿ 94ಕ್ಕೇ ಕಟ್ಟಿದೆ ಎಂದು ಹೇಳಿದರೆ ಪ್ಲಾನ್ ಮಾರಾಟವಾಗುವುದಿಲ್ಲ. ಕಂಪನಿ ಕೊಡುವ ಅಗ್ಗದ ಪೆಟ್ಟಿಗೆಗಳ ಕಥೆಯೂ ಹೀಗೆಯೇ. ಹಿಂದೆ ನಾಲ್ಕು ಕಿಂಡಿ ಇರುತ್ತವೆ. ಎಷ್ಟೋ ಪೆಟ್ಟಿಗೆಗಳಲ್ಲಿ ಸಾವಿರದ ಕಿಂಡಿ ಒಂದೇ. ಉಳಿದವು ನೂರರದ್ದು. ನೋಡಲು ಎಲ್ಲವೂ ಒಂದೇ ರೂಪ. ಯಾವುದು ಯಾವುದೆಂದು ಹುಡುಗ ಹೇಳುವುದಿಲ್ಲ. ಅವನಿಗೂ ಯಾರೂ ಹೇಳಿಲ್ಲ. ಮುನ್ನೂರರ ಪ್ಲಾನನ್ನು ನೂರರ ಕಿಂಡಿಗೆ ಚುಚ್ಚಿ, ಫೋಟೋ ತೆಗೆದು, ಕಳಿಸಿ, ಹೊರಡುತ್ತಾನೆ.

ಗ್ರಾಹಕನೇನು ಕಡಿಮೆಯೇ? ಅವನ ದೊಡ್ಡ ಟಿವಿಯ ಕೇಬಲ್ ಕಿಂಡಿ ಬಹುತೇಕ 100ರದ್ದೇ. ಲಕ್ಷ ಕೊಟ್ಟ ಟಿವಿಗೂ ಅದೇ ಗತಿ. 4ಕೆ ಸಿನಿಮಾ ನೋಡಲು ಬೇಕಾದದ್ದು ಹದಿನೈದು, ಹೆಚ್ಚೆಂದರೆ ಇಪ್ಪತ್ತೈದು. 300 ಯಾತಕ್ಕೆ? ಪಕ್ಕದ ಮನೆಯವನು 200 ತೆಗೆದುಕೊಂಡಿದ್ದಾನೆ, ಅದಕ್ಕೆ. ಇನ್ನು ಲೆಕ್ಕ. ಕಂಪನಿ ಮಾರುವುದು ಮೆಗಾಬಿಟ್. ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್. ಆದ್ದರಿಂದ 100ರ ಲೈನಿನಲ್ಲಿ ಡೌನ್‌ಲೋಡ್ 12 ಎಂದು ಕಾಣಿಸಿದರೆ ಅದು ಸರಿಯಾದದ್ದೇ. ಅದಕ್ಕೆ ಗ್ರಾಹಕ ಕಿರುಚುತ್ತಾನೆ. ನಿಜವಾಗಿ ಮೋಸ ಹೋದ 94ಕ್ಕೆ ಸುಮ್ಮನಿರುತ್ತಾನೆ. ಕಿರುಚುವ ಜಾಗದ ಆಯ್ಕೆಯಲ್ಲಿ ನಾವು ಯಾವತ್ತೂ ಹೀಗೆಯೇ.

ಪರೀಕ್ಷೆಗೆ ಎಂಜಿನಿಯರಿಂಗ್ ಬೇಡ. ಒಂದು ಮೀಟರಿನ ಒಳ್ಳೆಯ ಕೇಬಲ್ ತನ್ನಿ. ಲ್ಯಾಪ್‌ಟಾಪನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು, ಸಾವಿರದ ಕಿಂಡಿಗೆ ನೇರವಾಗಿ ಚುಚ್ಚಿ. ವೈಫೈ ಆರಿಸಿ. ಆಫೀಸಿನ ವಿಪಿಎನ್ ಇದ್ದರೆ ಅದನ್ನೂ ಆರಿಸಿ, ವೇಗದ ಅರ್ಧ ಅದೇ ತಿನ್ನುತ್ತಿರಬಹುದು. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಈಥರ್‌ನೆಟ್ ಎಂದು ಹೋದರೆ ‘ಲಿಂಕ್ ಸ್ಪೀಡ್’ ಎಂಬ ಸಾಲಿದೆ. ಅಲ್ಲಿ 1000/1000 ಇದ್ದರೆ ದಾರಿ ಸರಿಯಿದೆ. 100/100 ಇದ್ದರೆ ಕಿಂಡಿಯೋ ಕೇಬಲ್ಲೋ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಅಗ್ಗದ ಯುಎಸ್‌ಬಿ ಅಡಾಪ್ಟರೋ, ಮೂರರಲ್ಲಿ ಒಂದು. ಆಮೇಲೆ ಅದೇ ಲ್ಯಾಪ್‌ಟಾಪನ್ನು ಒಳಕೋಣೆಯ ಕೇಬಲ್ಲಿಗೆ ಚುಚ್ಚಿ ನೋಡಿ. ಪೆಟ್ಟಿಗೆಯ ಬುಡದಲ್ಲಿ 290, ಕೋಣೆಯಲ್ಲಿ 94 ಬಂದರೆ ಕಳ್ಳ ಗೋಡೆಯೊಳಗಿದ್ದಾನೆ. ಎರಡೂ ತುದಿ ಕತ್ತರಿಸಿ, ಎಂಟೂ ತಂತಿ ಸೇರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಎರಡು ಕನೆಕ್ಟರಿನ ಬೆಲೆ ಒಂದು ಪ್ಲೇಟ್ ಬನ್ಸಿಗಿಂತ ಕಡಿಮೆ.

ಅದಾದ ಮೇಲೆ ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆಯಿರಿ. ಬೆಳಿಗ್ಗೆ 290, ರಾತ್ರಿ 20 ಬಂತೋ? ಈಗ ನಿಮ್ಮ ಗೋಡೆ ನಿರ್ದೋಷಿ. ಕಂಪನಿಯ ಸರದಿ.

ಗಾಜಿನ ಎಳೆಯ ಮೇಲೆ ಬರುವ ಸುಮಾರು 2,500 ಮೆಗಾಬಿಟ್ಟನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಹಂಚುವುದು ತಪ್ಪಲ್ಲ, ಎಲ್ಲರೂ ಒಟ್ಟಿಗೆ ಉಣ್ಣುವುದಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಒಟ್ಟಿಗೆ ಕೂರುತ್ತಾರೆ. ಕ್ರಿಕೆಟ್ಟಿದೆ, ಧಾರಾವಾಹಿಯಿದೆ, ಶನಿವಾರ ಯಕ್ಷಗಾನದ ಲೈವ್ ಇದೆ. ಗದಾಯುದ್ಧದಲ್ಲಿ ಕೌರವನ ತೊಡೆಗೆ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಪರದೆಯ ಮೇಲೆ ಬಿಳಿ ಉಂಗುರ ತಿರುಗುತ್ತದೆ. ಭೀಮ ಗದೆ ಎತ್ತಿದವನು ಎತ್ತಿಯೇ ನಿಂತಿದ್ದಾನೆ. ಪೆಟ್ಟಿಗೆಯ ಆಚೆ, ಊರಿನಿಂದ ಹೊರಗೆ ಹೋಗುವ ದಾರಿಯಲ್ಲಿ ಕಂಪನಿ ಎಷ್ಟು ಜನರಿಗೆ ಎಷ್ಟು ಕೊಂಡಿದೆ ಎಂಬುದು ದೇವರಿಗೆ ಮತ್ತು ಲೆಕ್ಕಪರಿಶೋಧಕರಿಗೆ ಗೊತ್ತು.

ನಿಯಮ ಏನನ್ನುತ್ತಿತ್ತು? ದೂರಸಂಪರ್ಕ ನಿಯಂತ್ರಕ ಟ್ರಾಯ್ 2009ರಲ್ಲಿ ಮಾರ್ಗಸೂಚಿ ಕೊಟ್ಟಿತು. ಮನೆ ಗ್ರಾಹಕರಲ್ಲಿ ಒಂದರ ಜಾಗಕ್ಕೆ 50 ಮಂದಿಯವರೆಗೆ ಕೂರಿಸಬಹುದು. ಅದಕ್ಕೂ ಮೊದಲು, 2006ರಲ್ಲಿ, ಮಾರಿದ ವೇಗದ ಶೇಕಡಾ 80ಕ್ಕಿಂತ ಹೆಚ್ಚು ಸಿಗಬೇಕು ಎಂದೂ ಬರೆದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. 50 ಮಂದಿಯನ್ನು ಕೂರಿಸಿ, ಎಲ್ಲರಿಗೂ 80 ಕೊಡಿ. ಶೂನ್ಯ ಸಂಪಾದನೆ ಕೇಳಿದ್ದೆವು, ಇದು ಅದಕ್ಕಿಂತ ಮುಂದಿನ ಮೆಟ್ಟಿಲು.

ಇನ್ನು ಬ್ರಾಡ್‌ಬ್ಯಾಂಡ್ ಅಂದರೆ ಏನು ಎಂಬುದಕ್ಕೆ ಸರ್ಕಾರದ ಉತ್ತರ. 2004ರ ನೀತಿಯಲ್ಲಿ 256 ಕಿಲೋಬಿಟ್. 2013ರಲ್ಲಿ ಧಾರಾಳವಾಗಿ 512. 2023ರ ಜನವರಿಯಲ್ಲಿ ಇನ್ನೂ ಧಾರಾಳವಾಗಿ 2 ಮೆಗಾಬಿಟ್. ಜಾಹೀರಾತಿನ ನಟ 300 ಎಂದು ಕುಣಿಯುತ್ತಾನೆ. ಗೆಜೆಟ್ಟು 2 ಸಾಕು ಎನ್ನುತ್ತದೆ. ರಾತ್ರಿ ಒಂಬತ್ತಕ್ಕೆ ನಿಮ್ಮ ಮನೆಗೆ 3 ಬಂದರೆ ದೇಶದ ದಾಖಲೆಯ ಪ್ರಕಾರ ನೀವು ಬ್ರಾಡ್‌ಬ್ಯಾಂಡಿನಲ್ಲಿ ತೇಲುತ್ತಿದ್ದೀರಿ.

ಜನಪ್ರತಿನಿಧಿಗಳ ಬಳಿ ಹೋಗಬಹುದಲ್ಲ ಅಂದಿರಾ? ಹೋಗಬೇಕಾಗಿಲ್ಲ, ಅವರೇ ಬಂದಿದ್ದರು. 2020ರ ಆಗಸ್ಟಿನಲ್ಲಿ ಅಂದಿನ ಸಂಸದ ಅನಂತಕುಮಾರ ಹೆಗಡೆ ಕುಮಟಾದಲ್ಲಿ ಭಾಷಣ ಮಾಡಿದರು. ಬಿಎಸ್‌ಎನ್‌ಎಲ್ ನೌಕರರನ್ನು ದೇಶದ್ರೋಹಿಗಳು ಎಂದು ಕರೆದರು. ದುಡ್ಡಿದೆ, ಸೌಕರ್ಯವಿದೆ, ಇವರೇ ಕೆಲಸ ಮಾಡುವುದಿಲ್ಲ ಎಂಬ ಧಾಟಿ. ಚಪ್ಪಾಳೆಗೆ ತಕ್ಕ ಮಾತು.

ಅದಕ್ಕೆ ಆರು ತಿಂಗಳು ಮೊದಲು, 2020ರ ಜನವರಿ 31ರಂದು, ಅದೇ ಸಂಸ್ಥೆಯ 78,569 ನೌಕರರು ಸ್ವಯಂನಿವೃತ್ತಿ ಪಡೆದು ಮನೆಗೆ ಹೋಗಿದ್ದರು. ಯೋಜನೆ ತಂದದ್ದು ಸಂಸದರದ್ದೇ ಸರ್ಕಾರ. ಜಾಯಿಂಟ್ ಎಲ್ಲಿದೆ, ಪಿಲ್ಲರ್ ಬಾಕ್ಸ್ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ ಲೈನ್‌ಮನ್ನುಗಳು ಒಂದೇ ಸಂಜೆ ಹಾರ ಹಾಕಿಸಿಕೊಂಡು ಹೊರಟರು. ಮೊದಲು ಕೆಲಸಗಾರರನ್ನು ಕಳಿಸುವುದು, ಆಮೇಲೆ ಕೆಲಸ ಆಗುತ್ತಿಲ್ಲ ಎಂದು ಉಳಿದವರನ್ನು ಬೈಯುವುದು. ಬೈದವರೂ ಈಗ ಸಂಸದರಾಗಿ ಉಳಿದಿಲ್ಲ. ಲೈನ್ ಹಾಗೆಯೇ ಇದೆ.

ಅತ್ತ ಭಾರತ್‌ನೆಟ್. 2011ರಲ್ಲಿ ಬೇರೆ ಹೆಸರಿನಲ್ಲಿ ಮಂಜೂರಾಯಿತು. ಕೆಲಸ ಆಗಲಿಲ್ಲ, 2015ರಲ್ಲಿ ಹೆಸರು ಬದಲಾಯಿತು. ಗ್ರಾಮ ಪಂಚಾಯಿತಿಗೆ 100 ಮೆಗಾಬಿಟ್ ಎಂಬುದು ಸಂಕಲ್ಪ. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ. ಇಷ್ಟರ ನಡುವೆ ಪಹಣಿಗೆ ಹೋದವನಿಗೆ ಸಿಗುವ ಉತ್ತರ “ಸರ್ವರ್ ಡೌನ್.” ಈ ಎರಡು ಪದ ಕನ್ನಡದ ಆಡಳಿತ ಭಾಷೆಯಲ್ಲಿ ಸೇರಿಹೋಗಿವೆ. ಸರ್ವರ್ ಡೌನ್ ಅಂದವರ ಮೇಜಿನ ಕೆಳಗೆ ಬಗ್ಗಿ ನೋಡುವ ಧೈರ್ಯ ಯಾರಿಗಿದೆ? ಅಲ್ಲೂ ಒಂದು ಬೂದು ಕೇಬಲ್ ಇದೆ. ಅದರ ಮೇಲೆ ಕುರ್ಚಿಯ ಕಾಲಿದೆ.

ಬೆಂಗಳೂರಿನ ಕಂಪನಿಗಳು ಮನೆಯಿಂದಲೇ ಕೆಲಸ ಎಂದಾಗ ಊರಿಗೆ ಬಂದ ಮಕ್ಕಳು ಇದನ್ನೆಲ್ಲ ಸರಿ ಮಾಡುತ್ತಾರೆ ಎಂದು ಒಂದು ಆಸೆಯಿತ್ತು. ಅಮೆರಿಕದ ಬ್ಯಾಂಕಿನ ಸರ್ವರನ್ನು ಕುಮಟಾದಲ್ಲಿ ಕೂತು ದುರಸ್ತಿ ಮಾಡುವ ಹುಡುಗ. ತಿಂಗಳ ಸಂಬಳ ಅಪ್ಪನ ವರ್ಷದ ಅಡಕೆಗೆ ಸಮ. ತನ್ನ ಮೇಜಿನ ಹಿಂದಿನ ಕೇಬಲ್ ಕಿತ್ತು ನೋಡು ಅಂದರೆ, “ಅದು ಹಾರ್ಡ್‌ವೇರ್, ನಮ್ಮದು ಸಾಫ್ಟ್‌ವೇರ್” ಅನ್ನುತ್ತಾನೆ. ಮೀಟಿಂಗಿನಲ್ಲಿ ಮುಖ ಹೆಪ್ಪುಗಟ್ಟಿದಾಗ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳುತ್ತಾನೆ, ಇಲ್ಲಿ ತುಂಬಾ ಮಳೆ ಸರ್. ಅದು ಮಾರ್ಚ್ ತಿಂಗಳು.

ಕೊನೆಗೆ ದೂರು. ಟ್ರಾಯ್‌ಗೆ ಬರೆಯೋಣ ಎಂದರೆ ಅದು ಒಬ್ಬೊಬ್ಬ ಗ್ರಾಹಕನ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. 2012ರ ನಿಯಮದ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಬೇಕು. ತೃಪ್ತಿಯಾಗದಿದ್ದರೆ ಮೇಲ್ಮನವಿ ಪ್ರಾಧಿಕಾರವಿದೆ. ಪ್ರಾಧಿಕಾರವನ್ನು ನೇಮಿಸುವವರು ಯಾರು? ಕಂಪನಿಯೇ. ತೀರ್ಪಿಗೆ ಕಾಲಾವಕಾಶ 39 ದಿನ. ಅಷ್ಟರೊಳಗೆ ಒಂದು ತಿಂಗಳ ಬಿಲ್ಲು ಬಂದು, ತಡವಾದ ದಂಡವೂ ಸೇರಿರುತ್ತದೆ. ಬಿಲ್ಲಿನ ವೇಗಕ್ಕೆ ಮಾತ್ರ ಮಳೆ, ಜೆಸಿಬಿ, ಸಮುದ್ರ ಯಾವುದೂ ಅಡ್ಡ ಬರುವುದಿಲ್ಲ.

ಮೇಲ್ಮನವಿಯ ತನಕ ಹೋಗುವ ಸಂದರ್ಭವೇ ಬರುವುದಿಲ್ಲ, ಅದು ಬೇರೆ ಮಾತು. ಅದಕ್ಕೆ ಮೊದಲೇ ಹುಡುಗ ಜಗಲಿಯಲ್ಲಿ ನಿಂತಿರುತ್ತಾನೆ. ಅವನ ಸಂಬಳ ದೂರು ಮುಚ್ಚಿದ ಲೆಕ್ಕದಲ್ಲಿ. ಮುಚ್ಚಲು ಗ್ರಾಹಕನ ಮೊಬೈಲಿಗೆ ಬಂದ ಒಟಿಪಿ ಬೇಕು.

“ಸರ್, ಒಟಿಪಿ ಹೇಳಿ.”

“ಸರಿಯೇ ಆಗಲಿಲ್ವಲ್ಲ ಮಾರಾಯ. ಇನ್ನೂ 94.”

“ಆಗ್ತದೆ ಸರ್, ನಾಳೆ ಬಂದು ಎಂಟೂ ಹಾಕ್ತೆ. ಈಗ ಒಟಿಪಿ ಕೊಡಿ, ಇಲ್ದಿರೆ ನನ್ ದಿನದ ಪಗಾರ ಕಟ್ ಮಾಡ್ತಾರೆ.”

ಹುಡುಗ ಹಳದೀಪುರದವನು. ದೊಡ್ಡಪ್ಪ ಪರಿಚಯದವರು. ಒಟಿಪಿ ಹೇಳದೆ ಕಳಿಸುವುದು ಹೇಗೆ? ಹೇಳುತ್ತೀರಿ. ಬೈಕು ಗೇಟು ದಾಟುವ ಮೊದಲೇ ಸಂದೇಶ ಬರುತ್ತದೆ. ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ, ನಮಗೆ ಐದು ಸ್ಟಾರ್ ಕೊಡಿ, 500ರ ಹೊಸ ಪ್ಲಾನ್ ನೋಡಿ. ಈ ಸಂದೇಶ ಮಾತ್ರ ಬಹಳ ವೇಗವಾಗಿ ಬರುತ್ತದೆ.